ಲಾಂಛನ ಬಿಚ್ಚಿದ ಅಂಗಿಗಳು

ಹೊಸ ಬಟ್ಟೆಯನ್ನು ಹಳೆಯದು ಮಾಡಿಕೊಡಿ ಎಂದು ಕೇಳಿಕೊಂಡು ನನ್ನ ಅಂಗಡಿಗೆ ಬಂದ ಗಿರಾಕಿ ಅವಳೊಬ್ಬಳೇ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನನ್ನದು ಜೆರ್ಸಿ ಅಂಗಡಿ. ಮಕ್ಕಳ ಸಾಕರ್ ತಂಡಗಳಿಗೆ, ಆಫೀಸಿನವರ ಶನಿವಾರದ ಕ್ರಿಕೆಟ್ಟಿಗೆ, ನಮ್ಮ ಕನ್ನಡದವರ ಯುಗಾದಿ ಓಟಕ್ಕೆ ಅಂಗಿ ತರಿಸಿ, ಬೆನ್ನಿಗೆ ಹೆಸರು ನಂಬರು ಒತ್ತಿ, ಎದೆಗೆ ಲಾಂಛನ ಹಚ್ಚಿ ಕೊಡುತ್ತೇನೆ. ಗಂಡನ ಹಿಂದೆ ಬಂದು, ಕೆಲಸದ ಪರವಾನಗಿ ಕೈಗೆ ಸಿಕ್ಕ ವಾರವೇ ಅಪಾರ್ಟ್‌ಮೆಂಟಿನ ಊಟದ ಟೇಬಲ್ಲಿನ ಮೇಲೆ ಹೊಲಿಗೆ ಮಷೀನು ಇಟ್ಟವಳು ನಾನು. ಅಪ್ಪ ರಾಣೆಬೆನ್ನೂರಿನ ಕಡೆ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ವಿದ್ಯೆ ಅವನದು. ಹೆಣ್ಣುಮಕ್ಕಳು ಸಂತೆಗೆ ಹೋಗುವಂತಿರಲಿಲ್ಲ, ಹಾಗಾಗಿ ಊಟಕ್ಕೆ ಕೂತಾಗ ನನ್ನ ಬೆರಳು ಹಿಡಿದು ಕಲಿಸಿದ. ಎದುರಿಗಿರುವವನಿಗೆ ಏನು ಬೇಕು ಅಂತ ನೋಡಬೇಡ, ಏನು ಕಳಕೊಳ್ಳೋಕೆ ಹೆದರ್ತಾನೆ ಅಂತ ನೋಡು ಅನ್ನುತ್ತಿದ್ದ. ವ್ಯಾಪಾರಕ್ಕೆ ಇಳಿಯುವ ಎಲ್ಲ ಹುಡುಗಿಯರಿಗೂ ನಾನು ಇದನ್ನೇ ಹೇಳುತ್ತೇನೆ. ಆದರೆ ಈ ಮಾತು ಎಲ್ಲಿ ನಿಂತುಹೋಗುತ್ತದೆ ಅನ್ನುವುದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ.

ಬಂದವಳು ನನ್ನ ಮಗಳ ಸಾಕರ್ ಕೋಚು. ಬೆಳಿಗ್ಗೆ ಒಂದು ಡೇಕೇರಿನಲ್ಲಿ ಕೆಲಸ, ಸಂಜೆ ಕ್ಯಾಂಪ್‌ಬೆಲ್‌ನ ಮೈದಾನವೊಂದರಲ್ಲಿ ಹೆಣ್ಣುಮಕ್ಕಳಿಗೆ ಗೋಲ್‌ಕೀಪಿಂಗ್ ಕಲಿಸುವುದು. ಐವತ್ತು ದಾಟಿದ್ದರೂ ಆಳೆತ್ತರದ ಹೆಂಗಸು, ಎಡಗೈಯ ಎರಡು ಬೆರಳು ಕೊಕ್ಕೆಯ ಹಾಗೆ ಬಾಗಿಯೇ ನಿಂತಿದ್ದವು. ನಮ್ಮ ಕನ್ನಡದ ತಾಯಂದಿರು ಅವಳಿಗೆ ಕೋಚಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ನಗುನಗುತ್ತ ಮಾತಾಡಿಸುವುದು, ಹಿಂದಿನಿಂದ ಫೀಸು ಜಾಸ್ತಿಯಾಯಿತು ಅನ್ನುವುದು. ಒಬ್ಬಳಂತೂ ಮೈದಾನದ ಬದಿಯ ಮೆಟ್ಟಿಲುಬೆಂಚಿನ ಮೇಲೆ ಕೂತು, "ಅಲ್ಲಾರೀ, ಇವರು ಯಾವ ಲೆವೆಲ್ಲಲ್ಲಿ ಆಡಿದಾರೆ ಅಂತ ಯಾರಾದ್ರೂ ಚೆಕ್ ಮಾಡಿದೀರಾ? ಆನ್‌ಲೈನಲ್ಲಿ ಏನೂ ಬರಲ್ಲ" ಅಂದಿದ್ದಳು. ನಾನೂ ಆಗ ಹೌದೌದು ಅಂದಿದ್ದೆ. ಹುಡುಕಿದರೆ ಬರದವರನ್ನು ನಂಬುವ ಊರಲ್ಲ ಇದು.

ಅವಳು ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ಮಕ್ಕಳ ಬಾಯಿಂದ ಕಲಿತ ಒಂದೇ ಕನ್ನಡ ಪದ. ಉಳಿದ ಮಾತೆಲ್ಲ ನಮ್ಮದು ಇಂಗ್ಲಿಷಿನಲ್ಲೇ, ಇಲ್ಲಿ ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಅವಳಿಗೆ ಬೇಕಾದದ್ದು ಐದು ಹಸಿರು ಅಂಗಿ. ಬಿಸಿಲಿಗೆ ಬಣ್ಣ ಹೋಗಿರಬೇಕು. ಆದರೆ ಎದೆಯ ಎಡಗಡೆ ಗುರಾಣಿಯ ಆಕಾರದ ಒಂದು ಜಾಗ ಮಾತ್ರ ಅಚ್ಚ ಹಸಿರಾಗಿ ಉಳಿದಿರಬೇಕು, ಅದರ ಅಂಚಿಗೆ ಸೂಜಿಯ ತೂತು ಕಾಣಬೇಕು. ನಾನು ನಕ್ಕೆ. ನನ್ನ ಧಂದೆಯಲ್ಲಿ ಲಾಂಛನ ಹಚ್ಚುವುದಿದೆ, ಬಿಚ್ಚಿದ ಗುರುತು ಮಾರುವುದಿಲ್ಲ ಅಂದೆ. ಅವಳು ನಗಲಿಲ್ಲ. ಕೌಂಟರಿನ ಮೇಲೆ ಮೊಣಕೈ ಊರಿ ಹೇಳಲು ಶುರುಮಾಡಿದಳು.

ಅವಳದು ಪಶ್ಚಿಮ ಆಫ್ರಿಕಾದ ಕಡಲ ದಂಡೆಯ ಒಂದು ದೇಶ. ಅಲ್ಲಿ ಹೆಂಗಸರಿಗೆ ರಾಷ್ಟ್ರೀಯ ತಂಡ ಎಂಬುದು ಮೊದಲ ಬಾರಿ ಆದಾಗ ಅವಳಿನ್ನೂ ಶಾಲೆಯ ಹುಡುಗಿ, ಆ ತಂಡದ ಗೋಲ್‌ಕೀಪರು. ತಂಡದಲ್ಲಿ ಮೀನು ಮಾರುವವಳಿದ್ದಳು, ಪೊಲೀಸ್ ಕಚೇರಿಯ ಟೈಪಿಸ್ಟಿದ್ದಳು, ನೆಟ್‌ಬಾಲ್ ಆಡುತ್ತಿದ್ದ ಟೀಚರುಗಳಿದ್ದರು. ಆ ಟೀಚರುಗಳಲ್ಲೊಬ್ಬಳು ಕ್ಯಾಪ್ಟನ್. ಗಂಡಸರ ಮೈದಾನಕ್ಕೆ ಬೀಗ. ಸಮುದ್ರ ಹಿಂದೆ ಸರಿದಾಗ ಗಟ್ಟಿಯಾಗುವ ಮರಳಿನ ಮೇಲೆ ಅಭ್ಯಾಸ ಮಾಡಬೇಕಿತ್ತು, ಅಲೆ ಬಂತೆಂದರೆ ಆ ದಿನದ ಆಟ ಮುಗಿಯಿತು. ದಂಡೆಯ ಮೇಲೆ ಕೂತ ಗಂಡಸರು ಕಿತ್ತಳೆ ಸಿಪ್ಪೆ ಎಸೆಯುತ್ತಿದ್ದರಂತೆ. ಎಸೆಯುತ್ತಿದ್ದವರಲ್ಲಿ ಕೆಲವರು ಇವರ ಅಣ್ಣತಮ್ಮಂದಿರೇ.

ಪಕ್ಕದ ದೇಶದ ಮೇಲೆ ಮೊದಲ ಪಂದ್ಯ ಗೊತ್ತಾದಾಗ ಫುಟ್‌ಬಾಲ್ ಸಂಘದವರು ಗಂಡಸರ ತಂಡ ಹಾಕಿ ಬಿಟ್ಟ ಅಂಗಿಗಳನ್ನು ಒಂದು ಚೀಲದಲ್ಲಿ ಕಟ್ಟಿ ಕೊಟ್ಟರು. ಕೊಡುವ ಮುಂಚೆ ಗುಮಾಸ್ತನೊಬ್ಬ ಬ್ಲೇಡು ಹಿಡಿದು ಒಂದೊಂದು ಅಂಗಿಯ ಎದೆಯಿಂದಲೂ ದೇಶದ ಲಾಂಛನ ಬಿಚ್ಚಿ ತೆಗೆದಿದ್ದ. ಇವರ ಕಣ್ಣೆದುರಿಗೇ, ಮೇಜಿನ ಆ ಕಡೆ ಕೂತು. ಲಾಂಛನ ಗಂಡಸರದು, ಬಟ್ಟೆ ಮಾತ್ರ ನಿಮ್ಮದು, ಅದನ್ನೂ ಒಗೆದು ವಾಪಸು ಕೊಡಬೇಕು ಅಂದನಂತೆ. ಅಂಗಿಗಳು ಮಾಸಿ ಪಾಚಿಯ ಬಣ್ಣಕ್ಕೆ ಬಂದಿದ್ದವು. ಲಾಂಛನ ಕೂತಿದ್ದ ಜಾಗವೊಂದೇ ಹೊಸ ಹಸಿರು. "ದೂರದಿಂದ ನೋಡಿದರೆ ಅಕ್ಕಾ, ಎಲ್ಲರ ಎದೆಗೂ ಒಂದೇ ಕಡೆ ಏಟು ಬಿದ್ದ ಹಾಗೆ ಕಾಣುತ್ತಿತ್ತು" ಅಂದಳು.

ಲಾರಿಯ ಹಿಂಬದಿಯಲ್ಲಿ ನಿಂತು ಗಡಿ ದಾಟಿ ಹೋದರು, ಜಲ್ಲಿಕಲ್ಲಿನ ಮೈದಾನದಲ್ಲಿ ಆಡಿದರು, ಸೋತರು. ಎಷ್ಟು ಗೋಲಿಗೆ ಸೋತಿರಿ ಎಂದು ನಾನು ಆಗ ಕೇಳಿದೆ, ಆಮೇಲೂ ಕೇಳಿದೆ, ಅವಳು ಹೇಳಲೇ ಇಲ್ಲ. ಆ ಪಂದ್ಯದಲ್ಲಿ ಕ್ಯಾಪ್ಟನ್ನಿನ ಮೊಣಕಾಲು ಮುರಿಯಿತು. ಜೊತೆಗೆ ಹೋಗಿದ್ದ ಸಂಘದ ಡಾಕ್ಟರು ನೋವಿನ ಮುಲಾಮು ಹಚ್ಚಿ, ಆಡಬೇಕು ಅಂತ ಹೊರಟವರು ಅಳಬಾರದು ಎಂದು ಬುದ್ಧಿ ಹೇಳಿದ. ಮನೆಗೆ ಬಂದವರಿಗೆ ಮನೆಯವರಿಂದ ಆದ ಸನ್ಮಾನ ಬೇರೆ. ಒಬ್ಬಳ ತಲೆ ಬೋಳಿಸಿದರು. ಮೀನು ಮಾರುವವಳ ಬುಟ್ಟಿಯನ್ನು ಗಂಡ ಚರಂಡಿಗೆ ಎಸೆದ. ಸಂಘದವರು ತಂಡವನ್ನು ವಿಸರ್ಜಿಸಿ, ಅದು ರಾಷ್ಟ್ರೀಯ ಪಂದ್ಯವಲ್ಲ, ಸುಮ್ಮನೆ ಮನರಂಜನೆಗೆ ಆಡಿದ್ದು ಎಂದುಬಿಟ್ಟರು.

ಕೆಲವು ವರ್ಷದ ಮೇಲೆ ಬೇರೆ ತಂಡ ಕಟ್ಟಿದರು. ಆ ತಂಡಕ್ಕೆ ಹೊಸ ಅಂಗಿ, ಎದೆಗೆ ಲಾಂಛನ. ಆ ತಂಡ ತನ್ನ ಮೊದಲ ಪಂದ್ಯ ಗೆದ್ದಿತು. ದೇಶದ ಹೆಂಗಸರ ಫುಟ್‌ಬಾಲ್ ಚರಿತ್ರೆ ಈಗ ಅಲ್ಲಿಂದ ಶುರುವಾಗುತ್ತದೆ.

ಈಗ ಆ ದೇಶದ ಇಂದಿನ ತಂಡ ಬೇ ಏರಿಯಾಗೆ ಬರುವುದಿತ್ತು, ಒಂದು ಸೌಹಾರ್ದ ಪಂದ್ಯಕ್ಕೆ. ಆಟಕ್ಕೆ ಮುಂಚೆ ದೇಶದ ಮೊದಲ ತಂಡದವರನ್ನು ಮೈದಾನಕ್ಕೆ ಕರೆದು ಗೌರವಿಸುತ್ತಾರೆ ಎಂಬ ಸುದ್ದಿ. ಮೊದಲ ತಂಡವೆಂದರೆ ಲಾಂಛನದ ತಂಡ. ಬ್ಲೇಡು ಹಾಕಿದ ಅಂಗಿಯವರಲ್ಲಿ ಕೋಚಮ್ಮನೂ ಸೇರಿ ಐದು ಜನ ಕ್ಯಾಲಿಫೋರ್ನಿಯಾದಲ್ಲೇ ಇದ್ದರು, ಅವರಲ್ಲಿ ಕ್ಯಾಪ್ಟನ್ ವಾಲ್ನಟ್ ಕ್ರೀಕ್‌ನಲ್ಲಿ ಸೋದರಸೊಸೆಯ ಮನೆಯಲ್ಲಿ. ಅವರ ಆರೋಗ್ಯ ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. ಕೋಚಮ್ಮನ ಆಸೆ ಒಂದೇ. ಆ ಮುದುಕಿಯನ್ನು ಮೈದಾನದಲ್ಲಿ ನಿಲ್ಲಿಸಿ, ಸ್ಪೀಕರಿನಲ್ಲಿ ಒಂದು ಸಲ, ಇವರು ನಮ್ಮ ಮೊದಲ ಕ್ಯಾಪ್ಟನ್ ಎಂದು ಹೇಳಿಸಬೇಕು. ಅವರು ಕೇಳುವ ಹಾಗೆ, ಅವರು ಬದುಕಿರುವಾಗ.

"ಸಂಘದವರು ಒಪ್ಪಿದಾರಾ?" ಅಂದೆ.

"ಉತ್ತರವೇ ಬರೆದಿಲ್ಲ."

"ಮತ್ತೆ ಅಂಗಿ ಯಾಕೆ ಈಗಲೇ?"

"ಒಪ್ಪಿದ ಮೇಲೆ ಬಿಸಿಲಿಗೆ ಸಮಯ ಸಿಗಲ್ಲ ಅಕ್ಕಾ."

ಮಾತು ಸರಿಯಾಗಿತ್ತು. ಹತ್ತಿಯ ಅಂಗಿ ತರಿಸಿದೆ. ಈಗಿನ ಪಾಲಿಸ್ಟರು ಸೂರ್ಯನಿಗೂ ಜಗ್ಗುವುದಿಲ್ಲ. ಮೊದಲನೆಯದನ್ನು ಅವಸರಕ್ಕೆ ಬ್ಲೀಚಿನಲ್ಲಿ ಅದ್ದಿ ಹಾಳುಮಾಡಿದೆ, ಮೇಲೆ ಮುಚ್ಚಿದ್ದರೂ ನೀರು ಒಳಗಿಂದ ನುಗ್ಗಿ ಗುರಾಣಿಯ ಜಾಗವೂ ಬಿಳಿಚಿತು. ಆಮೇಲೆ ದಪ್ಪ ಬಟ್ಟೆಯನ್ನು ಗುರಾಣಿಯಂತೆ ಕತ್ತರಿಸಿ ಎದೆಗೆ ಹೊಲಿದು, ಅಂಗಡಿಯ ಹಿಂದೆ ತಂತಿ ಕಟ್ಟಿ ಒಣಹಾಕಿದೆವು. ಒಗೆಯುವುದು, ಒಣಹಾಕುವುದು, ಮತ್ತೆ ಒಗೆಯುವುದು. ಬೇಸಿಗೆಯೆಲ್ಲ ಅದೇ ಆಯಿತು. ಬೈಲಹೊಂಗಲದಿಂದ ಬಂದಿದ್ದ ನನ್ನ ಅತ್ತೆಗೆ ಹೊತ್ತು ಹೋಗದೆ ಬೇಸರವಾಗಿತ್ತು, ಅಂಗಿ ತಿರುವಿಹಾಕುವ ಕೆಲಸ ಅವರೇ ಹಿಡಿದರು. ಬಣ್ಣ ಹೋದ ಮೇಲೆ ಕುರ್ಚಿ ಎಳೆದುಕೊಂಡು ಕೂತು ಹೊಲಿಗೆ ಬಿಚ್ಚಿದವರೂ ಅವರೇ. ಒಂದೊಂದು ಗುರಾಣಿ ಎದ್ದಾಗಲೂ ಕೆಳಗಿನ ಹಸಿರು ಹಸಿ ಗಾಯದಂತೆ ಹೊರಬೀಳುತ್ತಿತ್ತು.

"ಏನವಾ ಇದು," ಅಂದರು ಅತ್ತೆ, "ಸತ್ತವರ ಮನ್ಯಾಗ ಗೋಡಿ ಮ್ಯಾಲಿನ ಫೋಟೋ ತಗದಂಗ ಆತಲ್ಲ."

ಕೋಚಮ್ಮ ಅಂಗಿ ನೋಡಲು ಬಂದ ದಿನ ಅವಳೂ ಸಾವಿನ ಮನೆಗೆ ಬಂದವಳ ಹಾಗೆ ನಿಂತಳು. ಮುಟ್ಟಲಿಲ್ಲ. ಸರಿಯಾಗಿದೆ ಅಂದಳು, ಅಷ್ಟೇ. ಸಂಘದಿಂದ ಉತ್ತರ ಇನ್ನೂ ಬಂದಿರಲಿಲ್ಲ.

ಉತ್ತರ ಕಾಯುವವರಿಗೆ ನನ್ನದೊಂದು ಸಲಹೆ: ಕಾಯಬೇಡಿ. ಅವಕಾಶ ಬರುವ ದಾರಿಯಲ್ಲಿ ಅಂಗಡಿ ಹಾಕಿ ಕೂತುಕೊಳ್ಳಿ. ತಂಡ ಬಂದಿಳಿದ ದಿನವೇ ಅವರ ದೇಶದವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ನನ್ನ ಅಂಗಡಿಯ ಫೋನ್ ನಂಬರು ಹಾಕಿಸಿದೆ, ಜೆರ್ಸಿ ಕೆಲಸ ಏನಿದ್ದರೂ ಅರ್ಧ ದಿನದಲ್ಲಿ ಮಾಡಿಕೊಡುತ್ತೇನೆ ಎಂದು. ಪ್ರಯಾಣದಲ್ಲಿ ತಂಡಗಳು ಏನಾದರೂ ಕಳೆದುಕೊಂಡೇ ಕಳೆದುಕೊಳ್ಳುತ್ತವೆ. ಇವರು ಕಳೆದುಕೊಂಡದ್ದು ಆಡುವ ಅಂಗಿಗಳ ಪೆಟ್ಟಿಗೆಯನ್ನೇ. ಉಳಿದದ್ದು ಹೆಸರು ನಂಬರು ಇಲ್ಲದ ಬರೀ ಅಂಗಿ. ಪಂದ್ಯ ಮಾರನೆಯ ದಿನ ಮಧ್ಯಾಹ್ನ.

ಅಂಗಿಗಳನ್ನು ಹೊತ್ತುಕೊಂಡು ಸಂಘದ ಮಹಿಳಾ ವಿಭಾಗದ ಮುಖ್ಯಸ್ಥೆಯೇ ಬಂದರು. ಕಡು ನೀಲಿ ಸೂಟು, ಗಿಡ್ಡ ಕೂದಲು, ನೆಟ್ಟಗಿನ ನಡಿಗೆ. ಲಾಂಛನ ಹಾಕಿ ಆಡಿದ ಆ ತಂಡದ ಕ್ಯಾಪ್ಟನ್ ಇವರೇ ಎಂದು ಕೋಚಮ್ಮ ಮೊದಲೇ ಹೇಳಿದ್ದಳು. ದೇಶದಲ್ಲೆಲ್ಲ ಮೊದಲ ಕ್ಯಾಪ್ಟನ್ ಎಂದೇ ಹೆಸರು. ಇಲ್ಲಿ ಅವರನ್ನು ಮೇಡಂ ಅನ್ನುತ್ತೇನೆ. ಕೋಚಮ್ಮನನ್ನು ಅಂಗಡಿಯ ಒಳಕೋಣೆಯಲ್ಲಿ ಅತ್ತೆಯ ಹತ್ತಿರ ಕೂರಿಸಿ, ನಾನು ಕರೆಯುವವರೆಗೆ ಬಾಯಿ ಬಿಡಬಾರದು ಎಂದು ಹೇಳಿ ಬಂದಿದ್ದೆ.

ಅಂಗಿ ಎಣಿಸಿ ಇಟ್ಟುಕೊಂಡೆ. ಬೆಲೆ ಮಾಮೂಲಿನದೇ, ಅವಸರಕ್ಕೆಂದು ಏನೂ ಜಾಸ್ತಿ ಬೇಡ, ಬದಲಿಗೆ ಒಂದು ಮಾತು ಬೇಕು ಅಂದೆ. ನಿಮ್ಮ ದೇಶದ ಐದು ಜನ ಹಳೆಯ ಆಟಗಾರ್ತಿಯರಿದ್ದಾರೆ, ನಾಳೆ ಅವರನ್ನು ಮೈದಾನಕ್ಕೆ ಬಿಡಬೇಕು, ಅವರ ಮುದುಕಿ ಕ್ಯಾಪ್ಟನ್ನಿಗೆ ಮೊದಲ ಕ್ಯಾಪ್ಟನ್ ಎಂದು ಹೇಳಬೇಕು. ಮೇಡಂ ಹುಬ್ಬು ಕೂಡ ಅಲ್ಲಾಡಿಸಲಿಲ್ಲ. ಯಾರವರು, ನಮ್ಮ ದಾಖಲೆಯಲ್ಲಿ ಅಂಥವರಿಲ್ಲ ಅಂದರು. ಬೇರೆ ಅಂಗಡಿ ಹುಡುಕಿಕೊಳ್ಳಿ ಎಂದು ನಾನು ಅಂಗಿಯ ಚೀಲವನ್ನು ಅವರ ಕಡೆ ತಳ್ಳಿದೆ. ನಂಬರಿಲ್ಲದೆ ಆಡಲು ಬಿಡುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅಷ್ಟರಲ್ಲಿ ನಾನು ಕರೆಯದೆಯೇ ಕೋಚಮ್ಮ ಹೊರಗೆ ಬಂದಳು.

ಮೇಡಂ ಅವಳನ್ನು ನೋಡಿದ ಕ್ಷಣವೇ ಗುರುತಿಸಿದರು. ಇಬ್ಬರಿಗೂ ತಮ್ಮದೇ ಭಾಷೆಯಿದೆ. ಆದರೆ ಮೇಡಂ ಇಂಗ್ಲಿಷಿನಲ್ಲೇ ಮಾತಾಡಿದರು, ನನಗೂ ಕೇಳಿಸಲಿ ಎಂದು.

"ಇನ್ನೂ ಎತ್ತರವಾಗೇ ಇದೀಯ," ಅಂದರು. "ಆ ದಿನ ಗೋಲಿನ ಮುಂದೆ ಮಾತ್ರ ಯಾಕೋ ಕುಳ್ಳಿಯಾಗಿದ್ದೆ."

"ನೋಡಿದೀಯಲ್ಲ, ನಿನಗೆ ಗೊತ್ತಿರಲೇಬೇಕು," ಅಂದಳು ಕೋಚಮ್ಮ. ನನ್ನ ಕಡೆ ತಿರುಗಿ, "ಅಕ್ಕಾ, ಇವಳು ಆ ಲಾರಿಯಲ್ಲಿ ನಮ್ಮ ಜೊತೆಗೇ ಬಂದಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಪೂರ್ತಿ ಪಂದ್ಯ ಬೆಂಚಿನ ಮೇಲೆ ಕೂತಿದ್ದಳು, ಇಂಥದೇ ಅಂಗಿ ಹಾಕಿಕೊಂಡು" ಅಂದಳು. ಕೌಂಟರಿನ ಕೆಳಗಿನಿಂದ ಒಂದು ಅಂಗಿ ಎತ್ತಿ ಮೇಜಿನ ಮೇಲೆ ಹರವಿದಳು.

ಅದು ನನಗೆ ಹೊಸ ಸುದ್ದಿ. ಇಷ್ಟು ದೊಡ್ಡ ಎಕ್ಕವನ್ನು ಇಸ್ಪೀಟಿನಲ್ಲಿ ಯಾರಾದರೂ ಗೆಳತಿಗೂ ಹೇಳದೆ ಇಟ್ಟುಕೊಳ್ಳುತ್ತಾರೆಯೇ? ನನಗೆ ಮೊದಲೇ ಹೇಳಿದ್ದರೆ ಮಾತನ್ನು ಬೇರೆ ಕಡೆಯಿಂದ ಶುರುಮಾಡುತ್ತಿದ್ದೆ.

ಮೇಡಂ ಅಂಗಿಯ ಮೇಲಿನ ಗುರುತನ್ನು ನೋಡಿದರು. ಒಂದು ಬೆರಳಿನಿಂದ ಸವರಿಯೂ ಸವರಿದರು, ಬಟ್ಟೆಯ ಗುಣ ನೋಡುವವರ ಹಾಗೆ. "ಚೆನ್ನಾಗಿ ಮಾಡಿದೀರಿ," ಎಂದು ನನಗೆ ಹೇಳಿ, ಅವಳಿಗೆ ಹೇಳಿದರು: "ನೀವು ಸೋತಿರಿ. ಅದೂ ಎಂಥ ಸೋಲು. ಯಾವ ದೇಶ ತನ್ನ ಕಥೆಯನ್ನು ಅಲ್ಲಿಂದ ಶುರುಮಾಡುತ್ತೆ? ನಾಳೆ ಆಡೋ ಹುಡುಗಿಯರಿಗೆ ನಾನೇನು ಹೇಳಲಿ? ನಿಮ್ಮ ದೊಡ್ಡಮ್ಮಂದಿರು ಬೇರೆಯವರ ಬೆವರಿನ ಅಂಗಿ ಹಾಕ್ಕೊಂಡು ಲಾರಿಯಲ್ಲಿ ಹೋಗಿ ಒದೆ ತಿಂದು ಬಂದ್ರು ಅಂತಲಾ?"

"ಹೌದು. ಅದನ್ನೇ ಹೇಳು."

"ಹೇಳಿದ್ರೆ ಸರ್ಕಾರ ದುಡ್ಡು ಕೊಡಲ್ಲ. ಗೆದ್ದ ಕಥೆಗೆ ಕೊಡುತ್ತೆ. ಇವರಿಗೆ ಹೊಸ ಶೂ ಬಂದದ್ದು ನನ್ನ ಕಥೆಯಿಂದ, ನಿನ್ನ ಕಥೆಯಿಂದಲ್ಲ."

ಅದರಲ್ಲಿ ಸುಳ್ಳಿರಲಿಲ್ಲ, ಅದೇ ತೊಂದರೆ. ನಾನು ಮಧ್ಯೆ ಬಾಯಿ ಹಾಕಿ ದರ ಇಳಿಸಲು ನೋಡಿದೆ. ಮೊದಲ ಕ್ಯಾಪ್ಟನ್ ಬೇಡ, ಹಳೆಯ ಕ್ಯಾಪ್ಟನ್ ಅನ್ನಿ ಅಂದೆ. ಆಗಲ್ಲ ಅಂದರು. ಬರೀ ಕ್ಯಾಪ್ಟನ್ ಅನ್ನಿ ಅಂದೆ. ಅದೂ ಆಗಲ್ಲ. ಆಗ ಅರ್ಥವಾಯಿತು. ನಾನು ಕೇಳುತ್ತಿದ್ದದ್ದು ಅವರ ಹತ್ತಿರವಿದ್ದ ಒಂದೇ ಸರಕು. ಒಂದೇ ಎತ್ತು ಇರುವವನ ಹತ್ತಿರ ಯಾವ ದಲ್ಲಾಳಿಯ ಆಟವೂ ನಡೆಯುವುದಿಲ್ಲ, ಟವೆಲ್ಲಿನ ಕೆಳಗೆ ಅವನು ಕೈಯನ್ನೇ ಕೊಡುವುದಿಲ್ಲ. ಆ ಹೆಂಗಸಿನಿಂದ ಮೊದಲ ಕ್ಯಾಪ್ಟನ್ ಅನ್ನುವುದನ್ನು ಕಿತ್ತುಕೊಂಡರೆ ಉಳಿಯುವುದು ಒಂದು ನೀಲಿ ಸೂಟು ಮಾತ್ರ.

ಕೊನೆಗೆ ಅವರೇ ಬೆಲೆ ಹೇಳಿದರು. ಐದು ಜನ ಬರಲಿ, ಮೈದಾನದ ಒಳಗೂ ಬರಲಿ. ಕರೆಯುವುದು ಮಾತ್ರ ತಂಡದ ಹಿರಿಯ ಅಭಿಮಾನಿಗಳು ಎಂದು. ಎರಡನೆಯದು, ಈ ಅಂಗಿಗಳಿಗೆ ಲಾಂಛನ ಹಚ್ಚಬೇಕು. ಕಿತ್ತ ಗುರುತು ಕ್ಯಾಮೆರಾಗೆ ಬೀಳಬಾರದು. ತಮ್ಮ ಬ್ಯಾಗಿನಿಂದಲೇ ಲಾಂಛನಗಳ ಕಟ್ಟು ತೆಗೆದು, ಇಸ್ಪೀಟಿನ ಎಲೆ ಹಾಕಿದ ಹಾಗೆ ಐದನ್ನು ಮೇಜಿನ ಮೇಲೆ ಹಾಕಿದರು.

"ಆಗ ಕಿತ್ತುಕೊಂಡಿರಿ," ಅಂದಳು ಕೋಚಮ್ಮ, "ಈಗ ಹಚ್ಚಿ ಬಾಯಿ ಮುಚ್ಚಿಸ್ತೀರಿ."

"ನಾನು ಕಿತ್ತಿಲ್ಲ," ಅಂದರು ಮೇಡಂ. "ನಾನು ಗೆದ್ದು ತಗೊಂಡೆ."

ಮೇಡಂ ಹೊರಗೆ ಫೋನಿಗೆ ಹೋದಾಗ ಕೋಚಮ್ಮ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು. ಹೋಗುವುದು ಬೇಡವೇ ಬೇಡ ಅಂದಳು. ನಾನು ಕೈ ಹಿಡಿದು ಕೂರಿಸಿದೆ. ನನ್ನ ಮಾತು ಕೇಳು, ಮೊದಲು ಒಳಗೆ ಕಾಲಿಡು, ಹೊರಗೆ ನಿಂತು ನ್ಯಾಯ ಕೇಳಿದವರಿಗೆ ಯಾವ ಊರಿನಲ್ಲೂ ನ್ಯಾಯ ಸಿಕ್ಕಿಲ್ಲ ಅಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವಳು ನನ್ನ ಮಾತಿಗೆ ಒಪ್ಪಲಿಲ್ಲ, ಕ್ಯಾಪ್ಟನ್ನಿಗೆ ಫೋನು ಮಾಡಿದಳು. ತಮ್ಮ ಭಾಷೆಯಲ್ಲಿ ಎಲ್ಲ ಹೇಳಿದಳು, ಅಭಿಮಾನಿಗಳು ಅನ್ನುವುದನ್ನೂ ಮುಚ್ಚಿಡಲಿಲ್ಲ, ಆ ಪದವೊಂದು ಇಂಗ್ಲಿಷಿನಲ್ಲೇ ಇತ್ತು. ಆ ಕಡೆಯಿಂದ ಬಂದದ್ದು ಒಂದೆರಡು ಸಣ್ಣ ಮಾತು. ಕೋಚಮ್ಮ ಫೋನು ಇಟ್ಟು, ಚೀಲಕ್ಕೆ ತುಂಬಿದ್ದ ಅಂಗಿಗಳನ್ನು ಮತ್ತೆ ಹೊರಗೆ ತೆಗೆದಳು.

"ಏನಂದ್ರು?"

"ಅಲ್ಲಿ ಹುಲ್ಲು ಇದೆಯಾ ಅಂತ ಕೇಳಿದರು. ಇದೆ ಅಂದೆ. ಹಾಗಾದರೆ ಬರ್ತೀನಿ ಅಂದರು."

ಸಂಜೆಯೊಳಗೆ ತಂಡದ ಅಂಗಿಗಳಿಗೆ ನಂಬರು ಒತ್ತಿ ಮುಗಿಸಿದೆ, ಆಮೇಲೆ ಆ ಐದನ್ನು ಮಷೀನಿಗೆ ಹಾಕಿದೆ. ಲಾಂಛನ ಸರಿಯಾಗಿ ಆ ಜಾಗದ ಮೇಲೆ ಕೂತಿತು. ಬೇಸಿಗೆಯ ಬಿಸಿಲು ಉಳಿಸಿದ್ದ ಹಸಿರು ಸೂಜಿಯ ಕೆಳಗೆ ಮುಚ್ಚಿಹೋಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನನ್ನ ಕಡೆ ಬಿಚ್ಚಿಸಿದಿ, ನೀನ ಹಚ್ಚಿದಿ," ಅಂದರು. "ಏನ ವ್ಯಾಪಾರನೋ ನಿಂದು."

ಮರುದಿನ ಕ್ಯಾಪ್ಟನ್ನನ್ನು ಕರೆತರಲು ನನ್ನ ವ್ಯಾನೇ ಹೋಯಿತು, ಗಾಲಿಕುರ್ಚಿ ಬೇರೆಯವರ ಕಾರಿಗೆ ಹಿಡಿಸುತ್ತಿರಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಒಣಗಿದ ಬೇರಿನಂಥ ಹೆಂಗಸು, ಬಲಗಾಲು ಬಾಗದೆ ಮುಂದಕ್ಕೆ ಚಾಚಿಕೊಂಡೇ ಇತ್ತು. ಪಂದ್ಯ ಸೋತು ಮನೆಗೆ ಬಂದ ದಿನ ಅಣ್ಣ ಹೊಡೆದ ಏಟಿಗೆ ಒಂದು ಕಿವಿ ಹೋಗಿತ್ತು, ಇನ್ನೊಂದು ವಯಸ್ಸಿಗೆ ಮಂದವಾಗಿತ್ತು. ಅಂಗಿ ಹಾಕಿಕೊಂಡು ತಯಾರಾಗಿ ಕೂತಿದ್ದರು. ಎದೆಯ ಲಾಂಛನವನ್ನು ಒಮ್ಮೆ ಬಗ್ಗಿ ನೋಡಿಕೊಂಡರು. ದಾರಿಯುದ್ದಕ್ಕೂ ಫ್ರೀವೇಯ ಗುಡ್ಡಗಳನ್ನು ನೋಡುತ್ತಿದ್ದರು.

ಕ್ರೀಡಾಂಗಣದಲ್ಲಿ ಮೊದಲು ಲಾಂಛನದ ತಂಡದವರನ್ನು ಕರೆದರು. ಒಬ್ಬೊಬ್ಬರ ಹೆಸರು ಹೇಳಿ, ಪರದೆಯ ಮೇಲೆ ಮುಖ ತೋರಿಸಿ. ಕೊನೆಗೆ ಮೇಡಂ, ಮೊದಲ ಕ್ಯಾಪ್ಟನ್ ಎಂದು. ನನ್ನ ಮಗಳು ನನ್ನ ಪಕ್ಕದಲ್ಲಿ ಕೂತು, "ಅಮ್ಮಾ, ದಿಸ್ ಈಸ್ ಸೋ ಮೀನ್" ಅಂದಳು. ಸುಮ್ಮನಿರು ಅಂದೆ. ಆಮೇಲೆ ಸ್ಪೀಕರಿನವನು, ಬೇ ಏರಿಯಾದಿಂದ ಬಂದಿರುವ ನಮ್ಮ ಪ್ರೀತಿಯ ಹಿರಿಯ ಅಭಿಮಾನಿಗಳು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಹೆಸರಿಲ್ಲ, ಪರದೆಯ ಮೇಲೆ ಯಾವುದೋ ಕಾರಿನ ಜಾಹೀರಾತು. ಆದರೆ ಅಷ್ಟು ಹೊತ್ತಿಗೆ ಜನ ಸೇರಿದ್ದರು, ಗಾಲಿಕುರ್ಚಿ ಕಂಡ ಕೂಡಲೇ ಎದ್ದುನಿಂತು ಚಪ್ಪಾಳೆ ಹೊಡೆದರು. ಮೇಡಂಗೆ ಬಿದ್ದದ್ದಕ್ಕಿಂತ ಜೋರಾಗಿಯೇ.

ಮೈದಾನದ ಗೆರೆಯ ಹತ್ತಿರ ಕ್ಯಾಪ್ಟನ್ ಕೈ ಎತ್ತಿ ಕುರ್ಚಿ ನಿಲ್ಲಿಸಿದರು. ಕೋಚಮ್ಮನ ಭುಜ ಹಿಡಿದು ಎದ್ದರು. ಚಪ್ಪಲಿ ಬಿಟ್ಟು, ಸರಿಯಿದ್ದ ಎಡಗಾಲನ್ನು ಹುಲ್ಲಿನ ಮೇಲಿಟ್ಟು ಹಾಗೇ ನಿಂತರು. ಆಡಲು ಕಾಯುತ್ತಿದ್ದ ಈಗಿನ ಹುಡುಗಿಯರಲ್ಲಿ ಒಬ್ಬಿಬ್ಬರು ಇವರತ್ತ ನೋಡಿ ಕೈಬೀಸಿದರು, ಅಜ್ಜಿಯರಿಗೆ ಬೀಸುವ ಹಾಗೆ.

ಫೋಟೋದವರು ಕರೆದಾಗ ಮೇಡಂ ಬಂದು ಕುರ್ಚಿಯ ಪಕ್ಕ ಮಂಡಿಯೂರಿ ಕೂತರು. ಕ್ಯಾಪ್ಟನ್ ಅವರ ಕೆನ್ನೆ ಸವರಿ ಏನೋ ಹೇಳಿದ್ದು ನನಗೂ ಕಂಡಿತು. ಮೇಡಂ ನಗುತ್ತಲೇ ಅವರ ಕೇಳುವ ಕಿವಿಗೆ ಬಾಯಿಟ್ಟು ಏನೋ ಹೇಳಿದ್ದೂ ಕಂಡಿತು. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಆಮೇಲೆ ಮೇಡಂ ತಾವೇ ಕುರ್ಚಿಯ ಹಿಡಿ ಹಿಡಿದು, ಜನರತ್ತ ಕೈಬೀಸುತ್ತ, ಮುದುಕಿಯನ್ನು ಮೈದಾನದಿಂದ ಹೊರಗೆ ತಳ್ಳಿಕೊಂಡು ಹೋದರು.

ಆಟ ಶುರುವಾದ ಮೇಲೆ ಕೋಚಮ್ಮ ನನ್ನ ಹತ್ತಿರ ಬಂದು ಕೂತಳು. ಅವಳು ಕುರ್ಚಿಯ ಪಕ್ಕದಲ್ಲೇ ಇದ್ದವಳು, ಏನು ಮಾತಾಡಿಕೊಂಡರು ಎಂದು ಕೇಳಿದೆ.

"ಕ್ಯಾಪ್ಟನ್ ಅಂದರು, 'ಆ ದಿನ ನಿನ್ನನ್ನು ಬೆಂಚಿನಿಂದ ಎಬ್ಬಿಸದೆ ಇದ್ದದ್ದು ನಾನೇ ಮಗಳೇ. ನಿನ್ನ ಕಾಲು ನಡುಗುತ್ತಿತ್ತು.'"

"ಅದಕ್ಕೆ ಮೇಡಂ ಏನಂದ್ರು?"

"'ಅದಕ್ಕೇ ಅಕ್ಕಾ, ನನ್ನ ಎರಡು ಮೊಣಕಾಲೂ ಇನ್ನೂ ಮಡಚುತ್ತವೆ' ಅಂದಳು."

ಅವರ ಭಾಷೆಯಲ್ಲಿ ಅಕ್ಕನಿಗೆ ಏನನ್ನುತ್ತಾರೋ ತಿಳಿಯದು. ಕೋಚಮ್ಮ ನನಗೆ ಹೇಳುವಾಗ ನಮ್ಮ ಪದವನ್ನೇ ಹಾಕಿ ಹೇಳಿದಳು. ಆಟದ ಕಡೆ ಅವಳ ಕಣ್ಣಿತ್ತು. ಅವರ ಗೋಲ್‌ಕೀಪರು ಹುಡುಗಿ ಒಂದು ಸುಲಭದ ಚೆಂಡು ಬಿಟ್ಟಳು. ಕೋಚಮ್ಮನ ಎಡಗೈ ತಾನಾಗಿ ಚಾಚಿ, ಮುಂದಿನ ಸೀಟಿಗೆ ಬಡಿಯಿತು.

ವಾಪಸು ಹೋಗುವಾಗ ಟ್ರಾಫಿಕ್ಕಿನಲ್ಲಿ ವ್ಯಾನು ತೆವಳುತ್ತಿತ್ತು. ಮಗಳು ಮುಂದೆ, ಕೋಚಮ್ಮ ಮತ್ತು ಕ್ಯಾಪ್ಟನ್ ಹಿಂದೆ. ಕ್ಯಾಪ್ಟನ್, ನಮಗೂ ತಿಳಿಯಲೆಂದೋ ಏನೋ, ಟೀಚರ ಇಂಗ್ಲಿಷಿನಲ್ಲಿ, ತಡೆದು ತಡೆದು ಕೇಳಿದರು.

"ಆ ಸ್ಪೀಕರಿನ ಗದ್ದಲದಲ್ಲಿ ನನಗೆ ಏನೂ ತಿಳಿಯಲಿಲ್ಲ. ಕೊನೆಗೆ ಹೇಳಿದರಾ? ಕ್ಯಾಪ್ಟನ್ ಅಂತ?"

ಕನ್ನಡಿಯಲ್ಲಿ ನಾನು ಕೋಚಮ್ಮನನ್ನು ನೋಡಿದೆ. ಹೌದು ಅನ್ನು ಎಂದು ಕಣ್ಣಿನಲ್ಲೇ ಹೇಳಿದೆ. ಬಂಡವಾಳವಿಲ್ಲದ ಸುಳ್ಳು, ಯಾರಿಗೂ ನಷ್ಟವಿಲ್ಲ, ಆ ಮುದುಕಿ ಸಂಘದವರನ್ನು ಕೇಳಲು ಹೋಗುವುದೂ ಇಲ್ಲ. ಅವಳು ನನ್ನ ಕಣ್ಣನ್ನು ನೋಡಿದಳು, ನೋಡಿಯೂ, "ಇಲ್ಲ" ಅಂದಳು. ಇನ್ನೂ ಜೋರಾಗಿ, ಕೇಳುವ ಕಿವಿಗೆ ಬಗ್ಗಿ, "ಹೇಳಲಿಲ್ಲ. ಅಭಿಮಾನಿಗಳು ಅಂದರು."

ಕ್ಯಾಪ್ಟನ್ ತಲೆಯಾಡಿಸಿದರು. ಮುಂದಿನ ಕಾರು ಸರಿಯಿತು, ನಾನೂ ಸರಿದೆ, ಮತ್ತೆ ನಿಂತೆವು.

"ಮತ್ತೆ ಅವರೆಲ್ಲ ಎದ್ದುನಿಂತರಲ್ಲ," ಅಂದರು ಅವರು. "ಅಷ್ಟು ಚಪ್ಪಾಳೆ ಯಾರಿಗೆ ಹೊಡೆದರು?"

ನನ್ನ ಮಗಳು ಹಿಂದಕ್ಕೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಗಾಲಿಕುರ್ಚಿಗೆ ಅಂದುಬಿಟ್ಟಾಳು ಎಂದು ನಾನು ಅವಳ ತೊಡೆಯ ಮೇಲೆ ಕೈಯಿಟ್ಟೆ. ಕೋಚಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಮುದುಕಿ ಉತ್ತರಕ್ಕೆ ಕಾಯುತ್ತ, ಮಡಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು.